ಮಗುವಿನ ಜೊತೆ ಕೆರೆಗೆ ಗಾಳ ಹಾಕೋಕೆ ಹೋಗ್ತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಗೆ ಊರಿಗೆ ಬರುವ ಮಕ್ಕಳು ಎರಡನೇ ದಿನಕ್ಕೇ ಕೆರೆ ಕಡೆ ಮುಖ ಮಾಡುತ್ತಾರೆ. ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳೂ ಪ್ರತಿ ವರ್ಷ ಹೆಚ್ಚು ಕಡಿಮೆ ಅವೇ. ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ದೊಡ್ಡ ಮೀನು ಹಿಡಿಯುವ ಗುಟ್ಟು ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗಲ್ಲ. ಬಯಲುಸೀಮೆಯ ಊರ ಕೆರೆ, ಒಂದು ಬಿದಿರು ಕೋಲು, ಒಂದು ಹಿಡಿ ಎರೆಹುಳು. ಇಷ್ಟೇ ಲೆಕ್ಕ.

ಎಷ್ಟು ವರ್ಷದ ಮಗುವನ್ನು ಕರೆದುಕೊಂಡು ಹೋಗಬಹುದು?

ನಾಲ್ಕು ತುಂಬಿದ್ದರೆ ನೋಡಬಹುದು ಅಂತ ನನ್ನ ಅಭಿಪ್ರಾಯ. ಆದರೆ ವಯಸ್ಸಿಗಿಂತ ಮುಖ್ಯವಾದದ್ದು, 'ನಿಲ್ಲು' ಅಂದಾಗ ಮಗು ನಿಲ್ಲುತ್ತದಾ ಅನ್ನೋದು. ರಸ್ತೆಯಲ್ಲಿ ಕೈ ಕೊಸರಿಕೊಂಡು ಓಡುವ ಮಗುವನ್ನು ಕೆರೆ ದಡಕ್ಕೆ ಒಯ್ಯಬೇಡಿ, ಇನ್ನೊಂದು ವರ್ಷ ಕಾಯಿರಿ. ಮೂರು ವರ್ಷದ್ದೂ 'ನಾನೂ ಬರ್ತೀನಿ' ಅಂತ ಹಠ ಹಿಡಿದರೆ ಹಿತ್ತಲಲ್ಲೇ ಬಕೆಟ್ಟಿಗೆ ಎರಡು ಚೊಂಬು ನೀರು ಹಾಕಿ, ಕಡ್ಡಿಗೆ ದಾರ ಕಟ್ಟಿ ಕೊಡಿ. ಬೇವಿನೆಲೆ ಹಿಡಿಯುತ್ತಾ ಕೂರುತ್ತದೆ. ಆ ಬಕೆಟ್ ಪಕ್ಕದಿಂದಲೂ ನೀವು ಏಳಬೇಡಿ, ಅಷ್ಟು ಚಿಕ್ಕ ಮಕ್ಕಳಿಗೆ ಬಕೆಟ್ ನೀರೂ ಅಪಾಯವೇ.

ಯಾವ ಕೆರೆ ಒಳ್ಳೇದು?

ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತಾರೆ. ಮಗುವಿಗೆ ಬೇಕಾದದ್ದು ಒಂದು ತುಂಡು ಸಪಾಟು ದಡ. ನೀರು ನಿಧಾನವಾಗಿ ಆಳವಾಗುವ ಕಡೆ, ಅಂದರೆ ಏರಿಗೆ ಎದುರು ದಿಕ್ಕು, ಹಳ್ಳದ ನೀರು ಕೆರೆಗೆ ಬಂದು ಸೇರುವ ಭಾಗ. ದನ ನೀರು ಕುಡಿಯೋಕೆ ಇಳಿಯುವ ಜಾಗ ಹುಡುಕಿ. ದನಕ್ಕೆ ಸಲೀಸಾದ ಇಳಿಜಾರು ಮಗುವಿಗೂ ಸಲೀಸು. ನೆಲ ಗಟ್ಟಿ ಇದೆಯಾ, ಕಾಲು ಹೂತುಕೊಳ್ಳುವ ಕೆಸರಾ ಅಂತ ಮೊದಲು ನೀವು ನಡೆದು ನೋಡಿ.

ಏರಿ ಮೇಲೆ ಕೂತು ಗಾಳ ಹಾಕೋದು ದೊಡ್ಡವರಿಗೆ ಖುಷಿ. ಮಕ್ಕಳಿಗೆ ಬೇಡ. ಏರಿಯ ಒಳಮೈಗೆ ಹಾಸಿರುವ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಕೆರೆಯ ಹೆಚ್ಚಿನ ಆಳ ಇರುವುದೂ ಅದರ ಬುಡದಲ್ಲೇ. ತೂಬಿನ ಹತ್ತಿರ ಹೋಗಲೇಬೇಡಿ. ಗದ್ದೆಗೆ ನೀರು ಬಿಟ್ಟಿದ್ದಾಗ ಅಲ್ಲಿ ಸೆಳೆತ ಇರುತ್ತದೆ, ಮೇಲಿಂದ ನೋಡಿದರೆ ಗೊತ್ತಾಗಲ್ಲ. ಕೋಡಿ ಬಿದ್ದ ಕೆರೆಯನ್ನು ದೂರದಿಂದ ತೋರಿಸಿ, ಮಂಡಕ್ಕಿ ಕೊಡಿಸಿ, ವಾಪಸ್ ಕರೆದುಕೊಂಡು ಬನ್ನಿ.

ಇನ್ನೊಂದು ಮಾತು, ಇದನ್ನು ಊರಿನವರನ್ನೇ ಕೇಳಿ ತಿಳಿಯಬೇಕು. ಕೆರೆಯಲ್ಲಿ ಹೂಳು ಎತ್ತಿದ್ದಾರಾ? ಇಟ್ಟಿಗೆಗೆ, ತೋಟಕ್ಕೆ ಅಂತ ಜೆಸಿಬಿ ತಂದು ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿದುಬಿಡುತ್ತಾರೆ. ಪೇಪರಿನಲ್ಲಿ ಮಕ್ಕಳು ಕೆರೆಪಾಲಾದ ಸುದ್ದಿ ಬಂದಾಗ ಕೆಳಗೆ ಓದಿ ನೋಡಿ, ಎಷ್ಟೋ ಸಲ ಇಂಥ ಗುಂಡಿಯೇ ಕಾರಣ ಆಗಿರುತ್ತದೆ.

ತೋಟದ ಕೃಷಿ ಹೊಂಡ ಮನೆ ಪಕ್ಕದಲ್ಲೇ ಇದೆ, ಅಲ್ಲಿ ಆಗಲ್ವಾ?

ಆಗಲ್ಲ. ಈ ಒಂದು ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆ ತುಂಬ ಹೊಂಡಗಳಾದವು, ರೈತರಿಗೆ ಒಳ್ಳೆಯದೇ ಆಯಿತು. ಆದರೆ ನೀರು ಇಂಗದ ಹಾಗೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರಲ್ಲ, ಅದು ಒದ್ದೆಯಾದರೆ ದೊಡ್ಡವರ ಕಾಲೂ ನಿಲ್ಲಲ್ಲ. ಬದಿಗಳು ಕಡಿದು. ಬಿದ್ದವರಿಗೆ ಹಿಡಿದುಕೊಳ್ಳೋಕೆ ಒಂದು ಹುಲ್ಲುಕಡ್ಡಿಯೂ ಸಿಗದು, ತೆಗೆಯೋಕೆ ಇಳಿದವರಿಗೂ ಅದೇ ಗತಿ. ಹೊಂಡದಲ್ಲಿ ಜಿಲೇಬಿ ಮೀನು (ತಿಲಾಪಿಯಾ) ಕಿಕ್ಕಿರಿದಿದ್ದರೂ ಸರಿ, ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ನಿಮ್ಮದೇ ಹೊಂಡವಾದರೆ ಸುತ್ತ ಬೇಲಿ ಹಾಕಿಸಿ, ಒಂದು ಹಗ್ಗಕ್ಕೆ ಗಾಳಿ ತುಂಬಿದ ಟ್ಯೂಬ್ ಕಟ್ಟಿ ದಡದಲ್ಲಿಡಿ.

ಯಾರನ್ನಾದರೂ ಕೇಳಬೇಕಾ? ಊರ ಕೆರೆ ತಾನೇ?

ಕೆರೆ ಊರಿನದು, ಮೀನು ಬಹಳ ಸಲ ಗುತ್ತಿಗೆದಾರರದ್ದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಚಿಕ್ಕವನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದವರು ದುಡ್ಡು ಕಟ್ಟಿ ಮರಿ ತಂದು ಬಿಟ್ಟಿರುತ್ತಾರೆ. ಅವರಿಗೆ ಹೇಳದೆ ಹಿಡಿದರೆ ಅದು ಕಳ್ಳತನವೇ ತಾನೇ? ಒಳನಾಡು ಮೀನುಗಾರಿಕೆಗೆ ಅಂತಲೇ ರಾಜ್ಯದಲ್ಲಿ 1996ರ ಕಾಯ್ದೆಯೂ ಇದೆ.

ಆದರೆ ಹೆದರಬೇಡಿ. ಕೆರೆ ಕಾಯುವವರ ಹತ್ತಿರ ಹೋಗಿ 'ಅಣ್ಣ, ಮಗೂಗೆ ತೋರಿಸೋಣ ಅಂತ ಬಂದ್ವಿ, ಒಂದು ಗಾಳ ಹಾಕಿಸ್ಲಾ?' ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. 'ಜಿಲೇಬಿ ಸಿಕ್ಕಿದ್ರೆ ತಗೊಂಡು ಹೋಗಿ, ಕಾಟ್ಲಾ ಸಿಕ್ಕಿದ್ರೆ ಬಿಟ್ಬಿಡಿ' ಅಂತ ಒಂದು ಷರತ್ತು ಹಾಕಬಹುದು, ಅದು ನ್ಯಾಯವೇ. ಬೇಡ ಅಂದರೆ ನಮಸ್ಕಾರ ಹೇಳಿ ಮುಂದಿನ ಕೆರೆಗೆ ಹೋಗಿ. ಮಗುವಿನ ಎದುರು ವಾದಕ್ಕೆ ನಿಲ್ಲಬೇಡಿ.

ನಾವು ಬೆಂಗಳೂರಲ್ಲಿದ್ದೇವೆ. ಇಲ್ಲೇ ಯಾವುದಾದರೂ ಕೆರೆ?

ಬೆಂಗಳೂರಿನ ಕೆರೆಗಳಲ್ಲಿ ಮೀನು ಹಿಡಿಯಬಾರದು ಅಂತ ಬೋರ್ಡ್ ಇರುವುದೇ ಹೆಚ್ಚು. ಕದ್ದುಮುಚ್ಚಿ ಹಾಕಿಸಿದರೂ ಆ ಮೀನನ್ನು ಮಗುವಿಗೆ ತಿನ್ನಿಸೋಕೆ ನಿಮಗೆ ಮನಸ್ಸು ಬರುತ್ತದಾ? 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಬಹಳ ಜನರಿಗೆ ನೆನಪಿರಬೇಕು. ಚರಂಡಿ ನೀರು ಸೇರಿದ ಕೆರೆಯಲ್ಲಿ ಬಿಸಿಲು ಏರಿದಾಗ ನೀರಿನ ಆಮ್ಲಜನಕ ಸಾಲದಾಗುತ್ತದೆ, ಮೀನು ಉಸಿರು ಕಟ್ಟಿ ಸಾಯುತ್ತವೆ. ನೊರೆ, ಕೆಟ್ಟ ವಾಸನೆ, ಬೆಳಗ್ಗೆ ಬೆಳಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುವುದು, ಈ ಮೂರರಲ್ಲಿ ಒಂದು ಕಂಡರೂ ಆ ನೀರಿಗೆ ಮಗುವಿನ ಕೈ ಸೋಕಿಸಬೇಡಿ. ಬೈನಾಕ್ಯುಲರ್ ಕೊಟ್ಟು ನೀರುಕಾಗೆ, ಮಿಂಚುಳ್ಳಿ ತೋರಿಸಿ. ಅವೂ ಮೀನು ಹಿಡಿಯುವವೇ, ನಮಗಿಂತ ಚೆನ್ನಾಗಿ ಹಿಡಿಯುತ್ತವೆ.

ಮಗುವಿಗೆ ಈಜು ಬರುತ್ತದೆ. ಆದರೂ ಇಷ್ಟೆಲ್ಲ ಎಚ್ಚರಿಕೆ ಬೇಕಾ?

ಬೇಕು. ಸ್ವಿಮ್ಮಿಂಗ್ ಪೂಲ್ ಈಜಿಗೂ ಕೆರೆಗೂ ಸಂಬಂಧ ಇಲ್ಲ. ಕೆಸರು ಕಾಲು ಹಿಡಿಯುತ್ತದೆ, ಜೊಂಡು, ಅಂತರಗಂಗೆ ಸುತ್ತಿಕೊಳ್ಳುತ್ತವೆ, ನೀರು ಮಣ್ಣು ಬಣ್ಣ ಇರುವುದರಿಂದ ಒಂದಡಿ ಕೆಳಗಿರುವ ಮಗು ಕಾಣುವುದೇ ಇಲ್ಲ.

ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೈ ಬಡಿದು ಕೂಗಲ್ಲ. ಸದ್ದೇ ಇಲ್ಲದೆ ಹೋಗುತ್ತದೆ. ನೀವು ಫೋನಲ್ಲಿ ಒಂದು ಮೆಸೇಜಿಗೆ ಉತ್ತರ ಕೊಡುವಷ್ಟು ಹೊತ್ತು ಸಾಕು. ಅದಕ್ಕೇ ನಿಯಮ ಒಂದೇ: ಮಗು ನಿಮ್ಮ ಕೈಗೆ ಎಟುಕಬೇಕು. ಕಣ್ಣಿಗೆ ಕಂಡರೆ ಸಾಲದು, ಕೈ ಚಾಚಿದರೆ ಅಂಗಿ ಸಿಗಬೇಕು. ಮಗುವಿನ ಅಳತೆಯ ಲೈಫ್ ಜಾಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಿ. ಊರಲ್ಲಿ ನಾಲ್ಕು ಜನ ನಗಬಹುದು, ನಗಲಿ. ಗಾಳಿ ತುಂಬುವ ತೋಳಿನ ಬಲೂನು ಆಟದ ಸಾಮಾನು, ಅದನ್ನು ನಂಬಬೇಡಿ.

ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದ ನೀವು ಹಾರಬೇಡಿ. ಕೋಲು, ಪಂಚೆ, ಸೀರೆ, ಹಗ್ಗ, ಏನು ಸಿಕ್ಕರೆ ಅದನ್ನು ಚಾಚಿ, ಕೂಗಿ, 112ಕ್ಕೆ ಫೋನ್ ಮಾಡಿಸಿ.

ನಾನೂ ಪಕ್ಕದಲ್ಲಿ ಒಂದು ಗಾಳ ಹಾಕಿಕೊಂಡು ಕೂರಲಾ?

ಬೇಡ. ಅಪ್ಪಂದಿರು ಹೆಚ್ಚು ಬೇಜಾರು ಮಾಡಿಕೊಳ್ಳುವ ಉತ್ತರ ಇದು, ಗೊತ್ತು. ಒಂದು ಮಗು, ಒಬ್ಬ ದೊಡ್ಡವರು, ಒಂದೇ ಕೋಲು. ನಿಮ್ಮ ಬೆಂಡು (ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ತುಂಡು) ಅಲ್ಲಾಡಿದ ಕ್ಷಣ ನಿಮ್ಮ ಕಣ್ಣು ಮಗುವಿನ ಮೇಲಿಂದ ಹೋಗುತ್ತದೆ, ಹೋಗಲೇಬೇಕು, ಗಾಳದ ಗಮ್ಮತ್ತೇ ಅದು. ಎರಡು ಕೋಲು ಇದ್ದರೆ ದಾರ ಸಿಕ್ಕಾಗೋದು ಬೇರೆ. ನಿಮಗೆ ಗಾಳದ ಹುಚ್ಚು ಇದ್ದರೆ ಇನ್ನೊಂದು ದಿನ ಒಬ್ಬರೇ ಹೋಗಿ ಬನ್ನಿ.

ಇಬ್ಬರು ಮಕ್ಕಳಿದ್ದರೆ ಇಬ್ಬರು ದೊಡ್ಡವರು ಹೋಗಬೇಕು. 'ಅಣ್ಣ ತಮ್ಮನ್ನ ನೋಡ್ಕೋತಾನೆ' ಅನ್ನೋದು ಲೆಕ್ಕಕ್ಕಿಲ್ಲ, ಆ ಅಣ್ಣನಿಗೂ ಎಂಟೇ ವರ್ಷ.

ತಾತ ಕರೆದುಕೊಂಡು ಹೋಗ್ತೀನಿ ಅಂತಿದ್ದಾರೆ. ಕಳಿಸಲಾ?

ತಾತನಷ್ಟು ಒಳ್ಳೆ ಗುರು ಸಿಗಲ್ಲ. ಯಾವ ಮೂಲೆಯಲ್ಲಿ ಯಾವ ಹೊತ್ತಿಗೆ ಮೀನು ಬರುತ್ತದೆ, ಯಾವ ಕಲ್ಲು ಅಲ್ಲಾಡುತ್ತದೆ, ಎಲ್ಲ ಅವರಿಗೆ ಗೊತ್ತು. ಆದರೆ ಮಂಡಿ ನೋವಿದ್ದವರು ಜಾರಿದ ಮಗುವನ್ನು ಎದ್ದು ಹಿಡಿಯೋಕಾಗುತ್ತದಾ ಅಂತ ಮನಸ್ಸಿಗೆ ಕೇಳಿಕೊಳ್ಳಿ. ಅನುಮಾನ ಬಂದರೆ 'ಮಾವ, ನಾನೂ ಬರ್ತೀನಿ, ನಾನೂ ನೋಡಿಲ್ಲ' ಅಂತ ನೀವೂ ಹೊರಟುಬಿಡಿ. ಅವರಿಗೆ ನೋವೂ ಆಗಲ್ಲ, ನಿಮಗೂ ಚಿಂತೆ ಇರಲ್ಲ.

ಯಾವ ಕೋಲು ತರಬೇಕು? ರೀಲ್ ಇರುವುದು ಬೇಡವಾ?

ರೀಲ್ ಬೇಡ. ಅದನ್ನು ಬಿಡಿಸುವುದರಲ್ಲೇ ಅರ್ಧ ಬೆಳಗ್ಗೆ ಮುಗಿಯುತ್ತದೆ, ಮಕ್ಕಳು ಬೀಸಿದ ಗಾಳ ಹಿಂದೆ ನಿಂತವರ ಕಿವಿಗೆ ಬರುತ್ತದೆ. ಐದಾರು ಅಡಿಯ ಸಣ್ಣ ಬಿದಿರು ಕೋಲು ಸಾಕು, ಮಗು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇರಬೇಕು. ಹಸಿ ಬಿದಿರು ಭಾರ, ಒಣಗಿದ್ದು ನೋಡಿ ತನ್ನಿ. ಗಿಣ್ಣುಗಳನ್ನು ಚಾಕುವಿನಲ್ಲಿ ಸವರಿ ನಯ ಮಾಡಿ, ಇಲ್ಲದಿದ್ದರೆ ಸಿಬಿರು ಚುಚ್ಚುತ್ತದೆ.

ಗಾಳ ಕಟ್ಟುವುದು ಹೇಗೆ?

ನೈಲಾನ್ ದಾರ ಕೋಲಿನಷ್ಟೇ ಉದ್ದ ಇರಲಿ. ಜಾಸ್ತಿ ಆದರೆ ಮಗುವಿಗೆ ನಿಭಾಯಿಸೋಕೆ ಬರಲ್ಲ. ಕೋಲಿನ ತುದಿಯಲ್ಲಿ ಒಂದು ಕಚ್ಚು ಮಾಡಿ ಅಲ್ಲಿ ಕಟ್ಟಿ, ಜಾರುವುದಿಲ್ಲ.

ಕೊಕ್ಕೆ ಚಿಕ್ಕದಿರಲಿ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, ಇದು ಉಲ್ಟಾ ಲೆಕ್ಕ. 10 ಅಥವಾ 12ನೇ ನಂಬರ್ ಕೇಳಿ. ಕೊಕ್ಕೆಯ ಮೊನೆ ಹತ್ತಿರ ಒಂದು ಹಿಮ್ಮುಳ್ಳು ಇರುತ್ತದೆ, ಮೀನು ಜಾರದಿರಲಿ ಅಂತ. ಅದನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಒತ್ತಿದ ಮೇಲೆ ಒಂದು ಬಟ್ಟೆಗೆ ಚುಚ್ಚಿ ಎಳೆದು ನೋಡಿ, ಎಳೆ ಹಿಡಿಯದೆ ಸಲೀಸಾಗಿ ಬಂದರೆ ಸರಿಯಾಗಿದೆ. ನಾಲ್ಕು ಮೀನು ತಪ್ಪಿಸಿಕೊಳ್ಳಬಹುದು. ಆದರೆ ಮಗುವಿನ ಬೆರಳಿಗೆ ಚುಚ್ಚಿದರೆ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ, ಸಿಕ್ಕ ಮೀನಿನ ಬಾಯಿಯೂ ಹರಿಯಲ್ಲ.

ಬೆಂಡಿಗೆ ಜೋಳದ ದಂಟಿನ ತುಂಡು ಹಾಕಬಹುದು, ಹಳೇ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಚೂರು ಇನ್ನೂ ಒಳ್ಳೇದು. ಅದಕ್ಕೆ ಮಗುವಿನ ಕೈಯಲ್ಲೇ ಕೆಂಪು ನೇಲ್ ಪಾಲಿಶ್ ಹಚ್ಚಿಸಿ. ಮಣ್ಣು ಬಣ್ಣದ ನೀರಲ್ಲಿ ಎದ್ದು ಕಾಣುತ್ತದೆ, ಮತ್ತೆ ಅದು ಅವಳದೇ ಬೆಂಡು ಆಗುತ್ತದೆ. ಕೊಕ್ಕೆಗಿಂತ ಒಂದು ಗೇಣು ಮೇಲೆ ಭಾರಕ್ಕೆ ಚಿಕ್ಕ ನಟ್ಟು ಕಟ್ಟಿ. ಅಂಗಡಿಯ ಸೀಸದ ಗುಂಡು ಬೇಡ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಂಡನ್ನು ಕೊಕ್ಕೆಯಿಂದ ಎರಡು ಅಡಿ ಮೇಲಿಟ್ಟು ಶುರು ಮಾಡಿ. ಬೆಂಡು ಅಡ್ಡ ಮಲಗಿತಾ? ಕೊಕ್ಕೆ ತಳಕ್ಕೆ ತಾಗಿದೆ ಅಂತ ಅರ್ಥ, ಬೆಂಡನ್ನು ಕೊಕ್ಕೆಯ ಕಡೆಗೆ ಸ್ವಲ್ಪ ಕೆಳಗಿಳಿಸಿ.

ಎರೆ ಏನು ಹಾಕಬೇಕು?

ಎರೆಹುಳುವಿಗೆ ಸಮ ಯಾವುದೂ ಇಲ್ಲ. ತಿಪ್ಪೆ ಪಕ್ಕ, ಬಾಳೆ ಬುಡ, ಬಚ್ಚಲು ನೀರು ಹೋಗುವ ಜಾಗ, ಈ ಮೂರು ಕಡೆ ಅಗೆದರೆ ಬೇಸಿಗೆಯಲ್ಲೂ ಸಿಗುತ್ತವೆ. ತೆಂಗಿನ ಚಿಪ್ಪಿಗೆ ಒದ್ದೆ ಮಣ್ಣು ಹಾಕಿ ಅದರಲ್ಲಿ ಬಿಟ್ಟು, ಮೇಲೆ ಬಾಳೆಲೆ ಮುಚ್ಚಿ ನೆರಳಲ್ಲಿಡಿ. ನನ್ನನ್ನು ಕೇಳಿದರೆ ಮಕ್ಕಳಿಗೆ ಇಡೀ ಕಾರ್ಯಕ್ರಮದಲ್ಲಿ ಹೆಚ್ಚು ಇಷ್ಟವಾಗುವುದು ಈ ಅಗೆಯುವ ಕೆಲಸವೇ. ಅದಕ್ಕೆ ಅವಸರ ಮಾಡಬೇಡಿ. ಹಿಂದಿನ ಸಂಜೆಯೇ ಇಟ್ಟುಕೊಳ್ಳಿ.

ಹುಳು ಸಿಗದಿದ್ದರೆ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸ್ವಲ್ಪ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿ ಕಡಲೆ ಗಾತ್ರದ ಉಂಡೆ ಮಾಡಿ. ಮುದ್ದೆ ಮಿಕ್ಕಿದ್ದರೆ ಅದೂ ನಡೆಯುತ್ತದೆ. ಗಾಳ ಹಾಕುವ ಜಾಗದಲ್ಲಿ ಮೊದಲೇ ಒಂದು ಹಿಡಿ ತೌಡು ಎರಚಿದರೆ ಚಿಕ್ಕ ಮೀನುಗಳು ಸೇರುತ್ತವೆ.

ಮಗು ಹುಳು ಚುಚ್ಚಬೇಡ ಅಂತ ಅಳುತ್ತದೆ, ಏನು ಮಾಡಲಿ?

ಹಿಟ್ಟು ಹಾಕಿ. ಅಳುವ ಮಗುವನ್ನು ಗಟ್ಟಿ ಮಾಡುವ ಉಸಾಬರಿ ಬೇಡ. ಎರೆ ಸಿಕ್ಕಿಸುವ ಕೆಲಸ ಏಳೆಂಟು ವರ್ಷದವರೆಗೂ ದೊಡ್ಡವರದ್ದೇ, ಮಗು ಕೇಳಿದರೂ.

ಯಾವ ಕಾಲ, ಯಾವ ಹೊತ್ತು ಒಳ್ಳೇದು?

ಬೆಳಗ್ಗೆ ಏಳರಿಂದ ಒಂಬತ್ತು, ಇಲ್ಲ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ಮುಂಚೆ. ನಡು ಮಧ್ಯಾಹ್ನ ಮೀನೂ ಆಳಕ್ಕೆ ಹೋಗಿರುತ್ತವೆ, ಮಗುವೂ ಬಾಡಿಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ತಗ್ಗಿ ದಡ ಅಗಲವಾಗುವುದರಿಂದ ಮಕ್ಕಳಿಗೆ ಅದೇ ಸುಲಭ. ಗುಡುಗು ಕೇಳಿದರೆ ಆ ಕ್ಷಣ ಎದ್ದು ಬನ್ನಿ. ಬಯಲಲ್ಲಿ ನೀರಿನ ಪಕ್ಕ ಕೋಲು ಎತ್ತಿ ಹಿಡಿದು ನಿಲ್ಲುವ ಹೊತ್ತಲ್ಲ ಅದು.

ಮಳೆಗಾಲದ ಶುರುವಿನಲ್ಲಿ ಬಿಟ್ಟುಬಿಡಿ. ಮಲೆನಾಡಿನ ಕಡೆ ಮೊದಲ ಮಳೆಗೆ ಮೀನುಗಳು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ, ಹತ್ತುಮೀನು ಅಂತಾರೆ. ಮಕ್ಕಳಿಗೆ ಅದನ್ನು ತೋರಿಸಲೇಬೇಕು, ಕಾಲುವೆಯಲ್ಲಿ ಬೆಳ್ಳಗೆ ಎಗರುವುದು ನೋಡೋದೇ ಚೆಂದ. ಆದರೆ ಅವು ಮೊಟ್ಟೆ ಇಡೋಕೆ ಹೊರಟವು, ಹಿಡಿದರೆ ಮುಂದಿನ ವರ್ಷದ್ದನ್ನೂ ಸೇರಿಸಿ ಹಿಡಿದ ಹಾಗೆ.

ಕೆರೆಬೇಟೆಗೆ ಮಗುವನ್ನು ಕರೆದುಕೊಂಡು ಹೋಗಬಹುದಾ?

ಸಾಗರ, ಸೊರಬ ಕಡೆ ಬೇಸಿಗೆಯಲ್ಲಿ ಊರಿಗೆ ಊರೇ ಬಿದಿರಿನ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಕೆರೆಗಿಳಿಯುವ ಗದ್ದಲ ನೋಡೋಕೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದಡದಲ್ಲಿ ನಿಲ್ಲಿ. ಇಳಿಸಬೇಡಿ. ಅಷ್ಟು ಜನರ ಕಾಲಡಿ ಮಗು ಇದೆ ಅಂತ ಯಾರಿಗೂ ಕಾಣಲ್ಲ.

ಎಂಥ ಮೀನು ಸಿಗುತ್ತವೆ?

ಹೆಚ್ಚಾಗಿ ಜಿಲೇಬಿ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಈಗ ಅದಿಲ್ಲದ ಕೆರೆ ಹುಡುಕಬೇಕು. ಒಂದೇ ಸಮನೆ ಮರಿ ಹಾಕಿ ಕೆರೆ ತುಂಬಿಬಿಡುತ್ತದೆ, ತಿನ್ನೋಕೆ ಸಾಲದೆ ಅಂಗೈ ಅಗಲಕ್ಕೇ ಬೆಳವಣಿಗೆ ನಿಂತುಹೋಗುತ್ತದೆ. ಮಗುವಿನ ಗಾಳಕ್ಕೆ ಇದಕ್ಕಿಂತ ಸರಿಯಾದ ಮೀನು ಇಲ್ಲ. ಬೆನ್ನ ಮೇಲಿನ ಮುಳ್ಳು ಚುಚ್ಚುತ್ತದೆ, ತಲೆ ಕಡೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿಯಬೇಕು.

ಜಿಲೇಬಿ ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಕೆಲವು ಸಲ ಗಾಳದಿಂದ ಬಿಡಿಸುವಾಗ ಬಾಯಿಂದ ಸಾಸಿವೆಯಷ್ಟು ಕಣ್ಣಿನ ಮರಿಗಳು ಅಂಗೈ ಮೇಲೆ ಉದುರುತ್ತವೆ. ಹಾಗಾದರೆ ತಾಯಿಯನ್ನೂ ಮರಿಗಳನ್ನೂ ಅದೇ ಜಾಗದಲ್ಲಿ ನೀರಿಗೆ ಬಿಡಿ. ಜಿಲೇಬಿ ಹೊರಗಿನ ಮೀನು, ಕಡಿಮೆಯಾದರೆ ಒಳ್ಳೇದು ಅಂತ ವಾದ ಮಾಡುವವರಿದ್ದಾರೆ, ಅವರ ಮಾತೂ ಸುಳ್ಳಲ್ಲ. ಆದರೆ ಐದು ವರ್ಷದ ಮಗು ಬಾಯಿ ತೆರೆದು ನೋಡುತ್ತಿರುವಾಗ ಆ ವಾದ ನನ್ನ ಕೈಲಾಗಲ್ಲ.

ಕಾಟ್ಲಾ, ರೋಹು, ಮೃಗಾಲ್ ಗುತ್ತಿಗೆದಾರರು ಬಿಟ್ಟವು. ಮೂರರ ಚಿಕ್ಕ ಮರಿ ಸಿಕ್ಕರೆ ಬಾಯಿ ತೋರಿಸಿ. ಕಾಟ್ಲಾದ್ದು ಮೇಲಕ್ಕೆ ತಿರುಗಿದ ಬಾಯಿ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ಮೃಗಾಲ್ ಬಾಯಿ ಕೆಳಗೆ, ಅದು ತಳದ್ದು. ರೋಹು ನಡುವಿನದು. ಒಂದೇ ಕೆರೆಗೆ ಮೂರನ್ನೂ ಯಾಕೆ ಬಿಡುತ್ತಾರೆ ಅಂತ ಮಗುವೇ ಹೇಳಿಬಿಡುತ್ತದೆ.

ಕೊರವ ಸಿಗುವುದು ಅಪರೂಪ. ಆದರೆ ದಡದ ಹತ್ತಿರ ಕೆಂಪು ಕೆಂಪಗೆ ಮರಿಗಳ ಗುಂಪು ಕುದಿಯುವ ಹಾಗೆ ಮೇಲೆ ಕೆಳಗೆ ಆಡುತ್ತಿದ್ದರೆ ಅವು ಕೊರವದ ಮರಿ, ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಅಲ್ಲಿ ಗಾಳ ಹಾಕಬೇಡಿ. ದೊಡ್ಡದನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ.

ಯಾವಾಗ ಎಳೆಯಬೇಕು ಅಂತ ಮಗುವಿಗೆ ಹೇಗೆ ಹೇಳಿಕೊಡೋದು?

ಬೆಂಡು ಸುಮ್ನೆ ನಡುಗಿದರೆ ಮೀನು ಎರೆಯ ರುಚಿ ನೋಡುತ್ತಿದೆ. ಎಳೆಯಬಾರದು. ಬೆಂಡು ಒಂದು ಪಕ್ಕಕ್ಕೆ ಓಡಿತು ಅಥವಾ ಮುಳುಗಿತು ಅಂದರೆ ಆಗ ಎತ್ತಬೇಕು. ಮಕ್ಕಳು ಎರಡು ಕೈಯಲ್ಲೂ ಜೋರಾಗಿ ಎಳೆದು ಮೀನನ್ನು ತಲೆ ಮೇಲಿಂದ ಹಿಂದಿನ ಜಾಲಿ ಮರಕ್ಕೆ ಎಸೆಯುತ್ತಾರೆ. 'ಲೋಟದಲ್ಲಿ ನೀರಿದೆ, ಚೆಲ್ಲದ ಹಾಗೆ ಎತ್ತು' ಅಂತ ಹೇಳಿ ನೋಡಿ, ಕೈ ತಾನಾಗೇ ಮೆತ್ತಗಾಗುತ್ತದೆ. ಹಿಂದೆ ಯಾರೂ ನಿಲ್ಲಬೇಡಿ, ನೀವೂ ಪಕ್ಕದಲ್ಲೇ ಇರಿ.

ಹತ್ತು ನಿಮಿಷಕ್ಕೇ ಬೇಜಾರು ಅಂತ ಶುರು ಮಾಡುತ್ತದೆ.

ಮಾಡಲಿ. ಗಾಳ ಎತ್ತಿಟ್ಟು ಕಪ್ಪೆಚಿಪ್ಪು ಆರಿಸಿ, ಏಡಿ ಬಿಲ ತೋರಿಸಿ, ಕಲ್ಲು ಎಸೆಯೋಕೆ ಬಿಡಿ. ಮೀನು ಹೆದರಿ ಓಡುತ್ತವೆ, ಓಡಲಿ ಬಿಡಿ. ಚುರುಮುರಿ ತಿನ್ನಿ. ಮತ್ತೆ ಮನಸ್ಸಾದರೆ ಗಾಳ ಹಿಡಿಯಲಿ, ಇಲ್ಲದಿದ್ದರೆ ಮನೆಗೆ. ಒಟ್ಟು ಒಂದು ಗಂಟೆ, ತಪ್ಪಿದರೆ ಒಂದೂವರೆ. ಇನ್ನೂ ಸ್ವಲ್ಪ ಹೊತ್ತು ಇರೋಣ ಅಂತ ಮಗು ಹೇಳುತ್ತಿರುವಾಗಲೇ ಎದ್ದು ಬಂದರೆ ಮುಂದಿನ ಭಾನುವಾರ ಅದೇ ನಿಮ್ಮನ್ನು ಎಬ್ಬಿಸುತ್ತದೆ.

ಒಂದೂ ಸಿಗದಿದ್ದರೆ ದಾರಿಯಲ್ಲಿ ಅಂಗಡಿಯಿಂದ ಮೀನು ಕೊಂಡು 'ನೋಡು ನೀನೇ ಹಿಡಿದದ್ದು' ಅಂತ ಹೇಳಬೇಡಿ. ಮಕ್ಕಳಿಗೆ ಗೊತ್ತಾಗುತ್ತದೆ.

ಮೀನಿಗೆ ನೋವಾಗಲ್ವಾ ಅಂತ ಕೇಳಿದರೆ?

ಆಗುತ್ತದೆ ಅಂತಲೇ ಹೇಳಿ. ಪೆಟ್ಟು ಬಿದ್ದದ್ದನ್ನು ತಿಳಿಸುವ ನರಗಳು ಮೀನಿಗೂ ಇವೆ. ಇಲ್ಲ ಅಂತ ಸುಳ್ಳು ಹೇಳಿದರೆ ಬಾಯಿ ಬಡಿದುಕೊಳ್ಳುವ ಮೀನನ್ನು ನೋಡುತ್ತಿರುವ ಮಗು ನಿಮ್ಮ ಮಾತು ನಂಬಲ್ಲ. ಅದಕ್ಕೇ ತಿನ್ನೋಕೆ ಬೇಕಾದಷ್ಟು ಮಾತ್ರ ಹಿಡಿಯೋದು, ತಿನ್ನುವುದಾದರೆ ಬಿಸಿಲಲ್ಲಿ ಒದ್ದಾಡೋಕೆ ಬಿಡದೆ ತಲೆಗೆ ಒಂದೇ ಏಟು ಹಾಕಿ ಮುಗಿಸೋದು, ಬಿಡುವುದಾದರೆ ಬೇಗ ಬಿಡೋದು. ಆ ಏಟನ್ನು ಮಗು ನೋಡಬೇಕಾ ಅನ್ನೋದು ನಿಮ್ಮ ಮನೆಯ ವಿಚಾರ. ಕೋಳಿ ಅಂಗಡಿ ಮುಂದೆ ನಿಂತು ಅಭ್ಯಾಸ ಇರುವ ಮಗುವಿಗೆ ದೊಡ್ಡ ವಿಷಯ ಅಲ್ಲ, ಕೆಲವು ಮಕ್ಕಳಿಗೆ ಬಹಳ ದೊಡ್ಡದು.

ಇನ್ನು ಮುಂದೆ ಗಾಳ ಬೇಡ ಅಂತ ಮಗು ಹೇಳಿದರೆ ಅಲ್ಲಿಗೆ ಮುಗಿಸಿ. ಒತ್ತಾಯ ಯಾಕೆ?

ನಮ್ಮ ಮನೆಯಲ್ಲಿ ಮೀನು ತಿನ್ನಲ್ಲ. ಮಗು ಮಾತ್ರ ಮೀನು ಮೀನು ಅಂತದೆ.

ಶೃಂಗೇರಿಗೆ ಕರೆದುಕೊಂಡು ಹೋಗಿ. ತುಂಗೆಯ ಘಟ್ಟದಲ್ಲಿ ಪುರಿ ಹಾಕಿದರೆ ತೊಡೆ ದಪ್ಪದ ಮೀನುಗಳು ಮುಗಿಬೀಳುತ್ತವೆ, ಅಲ್ಲಿ ಯಾರೂ ಹಿಡಿಯುವ ಹಾಗಿಲ್ಲ. ಹಾಸನ ಜಿಲ್ಲೆಯವರಿಗೆ ಕಾವೇರಿ ದಡದ ರಾಮನಾಥಪುರ ಇದೆ, ಬೆಳ್ತಂಗಡಿ ಕಡೆಯವರಿಗೆ ಶಿಶಿಲ. ಮೆಟ್ಟಿಲು ಜಾರುತ್ತವೆ, ಮಗುವಿನ ಕೈ ಬಿಡಬೇಡಿ.

ಕೆರೆಯಲ್ಲೇ ಹಿಡಿದು ಬಿಡೋಣ ಅನ್ನುವುದಾದರೆ ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣಗಿದ ಕೈ ತಾಗಿದರೆ ಮೈ ಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಫೋಟೋಗೆ ಅಂತ ನಿಮಿಷಗಟ್ಟಲೆ ಎತ್ತಿ ಹಿಡಿಯಬೇಡಿ. ಎಸೆಯದೆ, ನೀರೊಳಗೆ ಕೈ ಇಟ್ಟು ಜಾರಲು ಬಿಡಿ.

ಬಾಟಲಿಯಲ್ಲಿ ಹಾಕಿ ಮನೆಗೆ ತರ್ತೀನಿ ಅಂತ ಹಠ. ತರಲಾ?

ಬಾಟಲಿಯಲ್ಲಿ ಬೆಳಗಾಗುವ ಹೊತ್ತಿಗೆ ಸತ್ತಿರುತ್ತದೆ, ಆಮೇಲೆ ನಿಮಗೇ ಕಷ್ಟ. ಕೆರೆ ದಡದಲ್ಲೇ ಒಂದು ಬಕೆಟ್ಟಲ್ಲಿ ಕೆರೆ ನೀರು ತುಂಬಿ, ಅದರಲ್ಲಿ ಬಿಟ್ಟು, ಹೊರಡುವಾಗ ವಾಪಸ್ ಬಿಡಿಸಿ. ಒಂದು ಕೆರೆಯ ಮೀನನ್ನು ಇನ್ನೊಂದು ಕೆರೆಗೋ ಬಾವಿಗೋ ಬಿಡಬೇಡಿ. ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲ ಕಡೆ ಹಬ್ಬಿದ್ದು ಇಂಥ ಉಪಕಾರದಿಂದಲೂ ಹೌದು.

ಗಾಳ ಕೈಗೆ ಚುಚ್ಚಿಕೊಂಡರೆ?

ಹಿಮ್ಮುಳ್ಳು ಒತ್ತಿದ ಕೊಕ್ಕೆ ಆದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ, ಸೋಪು ನೀರಲ್ಲಿ ತೊಳೆಯಿರಿ. ಹಿಮ್ಮುಳ್ಳು ಒಳಗೆ ಹೂತಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬೇಡಿ. ಟಿಟಿ (ಧನುರ್ವಾಯು) ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಗುವಿಗೆ ಟೋಪಿ ಮತ್ತು ಹಗುರವಾದ ಕನ್ನಡಕ ಹಾಕಿಸಿದರೆ ಅರ್ಧ ಭಯ ಕಡಿಮೆ.

ಹಾವು, ಚೇಳುಮೀನು?

ನೀರಲ್ಲಿ ತಲೆ ಎತ್ತಿ ಈಜುವುದು ಸಾಮಾನ್ಯವಾಗಿ ನೀರೊಳ್ಳೆ ಹಾವು, ವಿಷ ಇಲ್ಲ, ಆದರೆ ಕಚ್ಚುತ್ತದೆ. ದಡದ ಹುಲ್ಲಲ್ಲಿ ಕೊಳಕುಮಂಡಲವೂ ನಾಗರವೂ ಇರಬಹುದು. ಹಾಗಾಗಿ ಹುಲ್ಲು ಇಲ್ಲದ ಜಾಗ, ಕಾಲಿಗೆ ಶೂ, ಮೊದಲು ನಿಮ್ಮ ಹೆಜ್ಜೆ. ಯಾವ ಹಾವು ಅಂತ ಗೊತ್ತಿಲ್ಲದೆ ಕಚ್ಚಿದರೆ ಕಟ್ಟು, ಕುಯ್ತ, ನಾಟಿ ಔಷಧಿ ಯಾವುದೂ ಬೇಡ, ನೇರ ದೊಡ್ಡ ಆಸ್ಪತ್ರೆಗೆ.

ಚೇಳುಮೀನು ಕಪ್ಪಗೆ ಮೀಸೆ ಇರುವುದು, ಕಿವಿರಿನ ಹಿಂದೆ ಎರಡೂ ಪಕ್ಕ ವಿಷದ ಮುಳ್ಳಿದೆ. ಸಿಕ್ಕರೆ ಮಗುವನ್ನು ಹಿಂದೆ ಸರಿಸಿ, ದಾರ ಕತ್ತರಿಸಿ ಬಿಟ್ಟುಬಿಡಿ. ಚುಚ್ಚಿಕೊಂಡರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಅದ್ದಿಟ್ಟರೆ ಉರಿ ಇಳಿಯುತ್ತದೆ. ಬಿಸಿ ಎಷ್ಟಿದೆ ಅಂತ ಮೊದಲು ನಿಮ್ಮ ಕೈಗೆ ನೋಡಿಕೊಳ್ಳಿ, ಆಮೇಲೆ ಡಾಕ್ಟರ್.

ಕಾಲಲ್ಲಿ ಗಾಯ ಇರುವ ಮಗುವನ್ನು ಮಳೆಗಾಲದ ಕೊಚ್ಚೆ ನೀರಿಗೆ ಇಳಿಸಬೇಡಿ, ಇಲಿ ಜ್ವರ ಬರುವುದು ಹಾಗೆಯೇ.

ಸಿಕ್ಕ ಮೀನನ್ನು ಮಗುವಿಗೆ ತಿನ್ನಿಸಬಹುದಾ?

ಚರಂಡಿ, ಕಾರ್ಖಾನೆ ನೀರು ಸೇರದ ಕೆರೆಯದಾದರೆ ತಿನ್ನಿಸಿ. ಮಕ್ಕಳಿಗೆ ಜಿಲೇಬಿಯೇ ವಾಸಿ, ರೋಹು, ಗೆಂಡೆಯ ಹಾಗೆ ಮಾಂಸದ ಒಳಗೆಲ್ಲ ಸಣ್ಣ ಮುಳ್ಳು ಇರಲ್ಲ. ಪಕ್ಕೆ ಅನ್ನುವ ಪುಟ್ಟ ಮೀನಾದರೆ ಗರಿಗರಿಯಾಗಿ ಹುರಿದರೂ ಚಿಕ್ಕವರಿಗೆ ನೀವೇ ಮುಳ್ಳು ಬಿಡಿಸಿ ಕೊಡಿ. ಕೆಸರು ವಾಸನೆ ಹೋಗಬೇಕು ಅಂದರೆ ಕಲ್ಲುಪ್ಪು, ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ನಾಲ್ಕು ಪುಟ್ಟ ಮೀನು ಸಿಕ್ಕಿದ್ದರೆ ಮನೆ ಮಂದಿಗೆಲ್ಲ ಸಾರು ಅಂತ ಹೊರಡಬೇಡಿ, ಹಿಡಿದವಳ ತಟ್ಟೆಗೇ ಹಾಕಿ.

ವಾಪಸ್ ಬರುವಾಗ ಏನು ಮರೆಯಬಾರದು?

ದಾರದ ತುಂಡು. ಸಿಕ್ಕಾದ ನೈಲಾನ್ ದಾರವನ್ನು ಕತ್ತರಿಸಿ ಅಲ್ಲೇ ಬಿಸಾಡಿ ಬರುವವರೇ ಜಾಸ್ತಿ, ಅದು ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರಿಲ್ಲ. ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿಕೊಂಡು ಬನ್ನಿ. ಕೊಕ್ಕೆಯನ್ನು ಬೆಂಡಿಗೆ ಚುಚ್ಚಿ, ದಾರವನ್ನು ಕೋಲಿಗೆ ಸು‍ತ್ತಿ, ಕೋಲನ್ನು ಮಗುವಿನ ಕೈಗೆ ಎಟುಕದ ಅಟ್ಟದ ಮೇಲಿಡಿ. ಮಿಕ್ಕ ಎರೆಹುಳುಗಳನ್ನು ಬಾಳೆ ಬುಡಕ್ಕೆ ಬಿಡಿ, ಮಗುವಿನ ಕೈ ಸೋಪು ಹಾಕಿ ತೊಳೆಸಿ, ಆಮೇಲೆ ತಿಂಡಿ.